ಪುಸ್ತಕದಲ್ಲಿ ಇಲ್ಲದ ಬಾವಿ

"ಬುದ್ಧೀ, ಒಂದು ನಾಡನ್ನು ಎಷ್ಟು ಓದಿದರೆ ಅದು ತಿಳಿದಂತೆ?"

ಕೇಳಿದವಳು ದಾಕ್ಷಾಯಣಿ. ವಿಶ್ವವಿದ್ಯಾನಿಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಿದವಳು. ದೇಶದೇಶಗಳ ಸ್ನೇಹ, ಹಗೆ, ಒಪ್ಪಂದಗಳ ಓದು ಅದು. ಅಲ್ಲಿ ಒಬ್ಬೊಬ್ಬರು ಭೂಮಿಯ ಒಂದೊಂದು ಭಾಗವನ್ನು ಆರಿಸಿಕೊಳ್ಳಬೇಕು. ಅವಳು ಆರಿಸಿಕೊಂಡದ್ದು ಮಧ್ಯ ಏಷ್ಯಾ. ಐದು ವರ್ಷ ಓದಿ, ಈಗ ಆ ಕಡೆಗೇ ಕೆಲಸಕ್ಕೆ ಹೊರಟು, ಗುರುಗಳ ಆಶೀರ್ವಾದ ಬೇಡಲು ಮಠಕ್ಕೆ ಬಂದಿದ್ದಳು.

"ನಿನಗೆ ಎಷ್ಟು ತಿಳಿದಿದೆ, ತಾಯಿ?" ಎಂದರು ಗುರುಗಳು.

"ಗೆಳತಿಯರು ಹಾಸ್ಯ ಮಾಡುತ್ತಾರೆ, ಬುದ್ಧೀ. ಆ ನಾಡಿನವರೇ ಬಂದು ಪರೀಕ್ಷೆ ಬರೆದರೂ ನನ್ನಷ್ಟು ಅಂಕ ಬರುವುದಿಲ್ಲವಂತೆ."

ಗುರುಗಳು ನಕ್ಕರು. ಆ ನಗು ಬೇಗ ನಿಂತಿತು. ಕಣ್ಣು ಮುಚ್ಚಿ ಶಿವನನ್ನು ನೆನೆದು ಹೇಳತೊಡಗಿದರು.

ಒಬ್ಬ ಅರಸನಿದ್ದ. ಅವನೊಂದು ವಿದ್ಯಾಪೀಠ ಕಟ್ಟಿಸಿದ. ಅಲ್ಲಿ ಕಲಿಯುವವರಿಗೆ ತಲೆಗೊಂದು ಪರನಾಡು. ಒಬ್ಬ ವಿದ್ಯಾರ್ಥಿಗೆ ಹೊಳೆಯಾಚೆಯ ನಾಡು ಬಂತು. ಅವನು ಹನ್ನೆರಡು ವರ್ಷ ಅದನ್ನೇ ಓದಿದ. ಅಲ್ಲಿಯ ಮಾತು ಕಲಿತ. ಅಲ್ಲಿಯವರು ಉಣ್ಣುವುದೇನು, ಉಡುವುದೇನು, ಯಾವ ದೇವರಿಗೆ ಯಾವ ಹೂವು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದ. ಹೊಳೆ ಮಾತ್ರ ಒಮ್ಮೆಯೂ ದಾಟಿರಲಿಲ್ಲ.

ಆಮೇಲೆ ಎರಡು ನಾಡಿಗೂ ಗಡಿಯ ವಿಷಯದಲ್ಲಿ ಸಂಬಂಧ ಕೆಟ್ಟಿತು. ಅರಸನ ಸೇನೆ ಬಂದು ಈಚೆ ದಡದಲ್ಲಿ ನಿಂತಿತು. ಮೊದಲ ಸಾಲಿನಲ್ಲಿ ನಿಂತವರಲ್ಲಿ ಆ ವಿದ್ಯಾವಂತನ ತಮ್ಮನೂ ಇದ್ದ. ಅರಸ ವಿದ್ಯಾವಂತನನ್ನು ಕರೆದು, "ನೀನೇ ದೂತನಾಗಿ ಹೋಗು. ಅವರ ಬಾಯಿಂದ ಒಪ್ಪಿಗೆಯ ಮಾತು ತಾ. ಹುಣ್ಣಿಮೆಗೆ ನೀನು ಬಾರದಿದ್ದರೆ ಸೇನೆ ಹೊಳೆ ದಾಟುತ್ತದೆ" ಎಂದ.

ಅವನು ಪುಸ್ತಕವನ್ನು ಎದೆಗೆ ಅವಚಿಕೊಂಡು ದೋಣಿ ಹತ್ತಿದ.

ಊರ ಬಾಗಿಲಲ್ಲಿ ಒಬ್ಬ ಮುದುಕಿ ಕಾಲಿಗೆ ನೀರು ಕೊಟ್ಟಳು. ಎಲ್ಲಿಯ ನೀರೆಂದು ಕೇಳಿದ. ಬಾಗಿಲ ಪಕ್ಕಕ್ಕೆ ಕೈ ತೋರಿ, ಬಾವಿಯದು ಎಂದಳು. ಅವನು ಮೆಲ್ಲಗೆ ನಕ್ಕು, "ಇಲ್ಲ ತಾಯಿ, ನಿಮ್ಮ ನಾಡಿನಲ್ಲಿ ಬಾವಿ ತೋಡುವುದಿಲ್ಲ. ಹೊಳೆಯ ನೀರನ್ನೇ ಕುಡಿಯುತ್ತೀರಿ" ಎಂದ. ಮುದುಕಿ ಅವನ ಮುಖವನ್ನೇ ನೋಡಿ ಕೈಮುಗಿದಳು.

ಬೆಳಗಾಗಿ ನೋಡುತ್ತಾನೆ, ಅವಳು ಕೈ ತೋರಿದ್ದ ಕಡೆ ಬರೀ ನೆಲ. ಸಗಣಿ ಸಾರಿಸಿ ರಂಗೋಲಿ ಇಟ್ಟಿದ್ದರು. ಹೆಂಗಸರು ಕೊಡ ಹೊತ್ತು ಹೊಳೆಗೆ ಹೋಗುತ್ತಿದ್ದರು. ನಿನ್ನೆ ಕಿವಿಯೇ ತಪ್ಪು ಕೇಳಿಸಿಕೊಂಡಿತು ಎಂದುಕೊಂಡ.

ಎರಡನೆಯ ದಿನ ಒಂದು ಮನೆಯಿಂದ ಬೀಸುವ ಕಲ್ಲಿನ ಹಾಡು ಕೇಳಿಸಿತು. ಇವರ ಹೆಂಗಸರು ಹಾಡುವುದಿಲ್ಲ ಎಂದು ತಾನು ಬರೆದದ್ದು ನೆನಪಾಗಿ ಹಾಗೆಯೇ ಅಂದ. ಕಲ್ಲು ತಿರುಗುತ್ತಲೇ ಇತ್ತು. ತುಟಿಗಳೂ ಅಲುಗುತ್ತಿದ್ದವು. ದನಿ ಇರಲಿಲ್ಲ.

ಮೂರನೆಯ ದಿನ ಗುಡಿಯ ಮೆಟ್ಟಿಲ ಮೇಲೆ ಒಬ್ಬ ಕುರುಡ ಕುಳಿತಿದ್ದ. "ನಿಮ್ಮಲ್ಲಿ ಕುರುಡರು ಇಲ್ಲವೆಂದು ಓದಿದ್ದೆನಲ್ಲ" ಎಂದ ದೂತ. ಸಂಜೆಗೆ ಕುರುಡನಿಲ್ಲ. ಅವನ ಕೋಲು ಗೋಡೆಗೆ ಒರಗಿತ್ತು. ಮರುದಿನ ಕೋಲೂ ಇರಲಿಲ್ಲ. ದೂತನ ಬೆನ್ನಿನಲ್ಲಿ ಚಳಿ ಹುಟ್ಟಿತು. ಆದರೂ ಪುಸ್ತಕ ಸರಿಯಾಗಿದೆಯಲ್ಲ ಎಂಬ ಸಮಾಧಾನ ಆ ಚಳಿಗಿಂತ ದೊಡ್ಡದಾಗಿತ್ತು, ತಾಯಿ.

ನಾಲ್ಕನೆಯ ದಿನ ಸಭೆ ಸೇರಿತು. ನಾಡಿನ ಹಿರಿಯಳೆಂದು ನಡುವೆ ಕುಳಿತವಳು ಅದೇ ಮುದುಕಿ. ದೂತ ಅರಸನ ಓಲೆಯನ್ನು ಓದಿದ. ಮುದುಕಿ ಎದ್ದಳು. ಅವಳ ಮುಖ ಬೆಳಗಿತು. ಸೂರ್ಯನ ಕಡೆ ತಿರುಗಿ ಒಂದೇ ಒಂದು ಮಾತು ಹೇಳಿದಳು.

ದೂತ ಆ ಮಾತನ್ನು ಎಲ್ಲೂ ಓದಿರಲಿಲ್ಲ. "ತಾಯಿ, ಈ ಮಾತು ನಿಮ್ಮ ಭಾಷೆಯಲ್ಲಿ ಇಲ್ಲ" ಎಂದ.

ಮುದುಕಿ ಕುಳಿತಳು. ಎಲ್ಲರೂ ಕೈಮುಗಿದು ಎದ್ದುಹೋದರು.

ಆಮೇಲೆ ಅವನು ದಿನವೂ ಉತ್ತರ ಕೇಳಿದ. ದಿನವೂ ಅವರು ಕೈಮುಗಿದರು. ಹುಣ್ಣಿಮೆಗೆ ಒಂದೇ ದಿನ ಉಳಿದಾಗ ಅವನು ಮುದುಕಿಯ ಮನೆಗೆ ಓಡಿದ. "ತಾಯಿ, ನನ್ನ ತಮ್ಮ ಆ ದಡದಲ್ಲಿದ್ದಾನೆ. ಒಪ್ಪಿಗೆ ಕೊಡಿ."

"ಒಪ್ಪಿಗೆಗೆ ನಮ್ಮಲ್ಲಿ ಇದ್ದದ್ದು ಅದೊಂದೇ ಮಾತು, ಸ್ವಾಮಿ. ಅದನ್ನು ಆಡಿದರೆ ನಾಡೇ ಆಡಿದ ಹಾಗೆ. ಅದು ಇಲ್ಲವೆಂದು ತಾವು ಹೇಳಿದಿರಿ."

"ನಾನು ಹೇಳಿದ್ದು ತಪ್ಪು."

"ಅತಿಥಿ ಎಂದರೆ ದೇವರು. ದೇವರ ಮಾತನ್ನು ಸುಳ್ಳು ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಬಾವಿ ಮುಚ್ಚಿದೆವು. ಹಾಡು ನುಂಗಿದೆವು. ಕುರುಡ ನನ್ನ ಮಗ. ಹೊಸ್ತಿಲು ದಾಟಿ ಎತ್ತ ಹೋದನೋ, ಶಿವನಿಗೇ ಗೊತ್ತು."

ದೂತ ಅವಳ ಕಾಲಿಗೆ ಬಿದ್ದ. "ಆ ಮಾತನ್ನು ಇನ್ನೊಮ್ಮೆ ಹೇಳಿ, ತಾಯಿ. ನಾನಾದರೂ ಕಲಿಯುತ್ತೇನೆ."

ಮುದುಕಿ ಬಾಯಿ ತೆರೆದಳು. ಬಹಳ ಹೊತ್ತು ಹುಡುಕಿದಳು. ಅವಳ ಕಣ್ಣಿನಲ್ಲಿ ನೀರು ಬಂತು. "ಯಾವ ಮಾತು, ಸ್ವಾಮಿ?" ಎಂದಳು. ಅವನು ತನ್ನ ಕಿವಿಯಲ್ಲಿ ಹುಡುಕಿದ. ಅಲ್ಲಿಯೂ ಅದು ಇರಲಿಲ್ಲ.

ಹುಣ್ಣಿಮೆಯ ಮುಂಜಾನೆ ಈಚೆ ದಡದಿಂದ ರಣಭೇರಿಯ ಸದ್ದು ಎದ್ದಿತು. ನಾಡಿನ ಜನವೆಲ್ಲ ಬಂದು ಅವನ ಮುಂದೆ ನಿಂತರು. ಯಾರೂ ಅಳುತ್ತಿರಲಿಲ್ಲ, ಯಾರ ಮುಖದಲ್ಲೂ ಕೋಪವಿರಲಿಲ್ಲ. ಮುದುಕಿ ಎಲ್ಲರ ಪರವಾಗಿ ಕೇಳಿದಳು: "ಸ್ವಾಮಿ, ನಾಳೆ ನಾವು ಇರುತ್ತೇವೆಯೋ ಇಲ್ಲವೋ? ತಾವು ಹೇಳಿದಂತೆ ಆಗುತ್ತದೆ."

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದಾಕ್ಷಾಯಣಿ ಕಾದಳು. ಗುರುಗಳ ಬೆರಳಲ್ಲಿ ಜಪಮಣಿ ಒಂದೊಂದಾಗಿ ಜಾರುತ್ತಿತ್ತು. ಕೊನೆಗೆ ಅವಳೇ ಕೇಳಿದಳು.

"ಇರುತ್ತೀರಿ ಎಂದನಲ್ಲವೇ, ಬುದ್ಧೀ?"

"ಅವನು ಪುಸ್ತಕ ತೆರೆದು ಪುಟ ಹುಡುಕತೊಡಗಿದ, ತಾಯಿ."