ತೆರೆಯಾಚೆಗೆ ಎಸೆದ ಗಾಳ

ಹೊಳೆ ಹೋಗಿ ಸಮುದ್ರ ಸೇರುವಲ್ಲಿ ಜಟ್ಟಜ್ಜನ ಗುಡಿಸಲು. ದಡದಲ್ಲಿ ನಿಂತು ಗಾಳ ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕಲಿಯಲು ಬಂದವರಿಗೆಲ್ಲ ಅವನೇ ಗುರು. ಕಲಿಸುವುದು ಕಮ್ಮಿ, ಬೈಯುವುದು ಜಾಸ್ತಿ.

ಒಂದು ಬೆಳಿಗ್ಗೆ ಬೊಮ್ಮಯ್ಯ ಬಂದ. ಆಳ ಸಮುದ್ರದ ಬೋಟಿನಲ್ಲಿ ಬಲೆ ಎಳೆದೆಳೆದು ತಲೆ ನರೆತವನು. ಹೆಗಲ ಮೇಲೆ ಉದ್ದದ ಗಾಳದ ಕೋಲು.

"ಅಜ್ಜ, ದೂರ ಎಸೆಯೋದು ಕಲಿಸಿ."

"ಎಷ್ಟು ದೂರ?"

"ಆ ತೆರೆ ಒಡೀತದಲ್ಲ, ಅದರಾಚೆ."

"ಅಲ್ಲಿ ಏನಿಟ್ಟಿದ್ದೀ?"

ಬೊಮ್ಮಯ್ಯ ಮರಳು ನೋಡಿದ. "ಕಾಣೆ ಮೀನು ಬೇಕು. ನಾಡಿದ್ದು ಮಾದೇವಿಯ ವರ್ಷದ ಎಡೆ."

ಮಾದೇವಿ ಅವನ ಹೆಂಡತಿ. ತೀರಿಹೋದವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನು ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕಾಯುವುದು ಅವರಲ್ಲಿ ನಡೆದುಬಂದದ್ದು.

"ಪೇಟೆಯಲ್ಲಿ ಸಿಗ್ತದೆ. ತಂದು ಬಡಿಸು."

"ಹಿಡಿದು ತರ್ತೇನೆ ಅಂತ ಅವಳಿಗೆ ಹೇಳಿ ಹೋಗಿದ್ದೆ, ಅಜ್ಜ."

ಅಜ್ಜ ನೀರಿನ ಕಡೆ ಕೈ ತೋರಿಸಿದ. "ಎಸೆ, ನೋಡುವ."

ಬೊಮ್ಮಯ್ಯ ಮೊಣಕಾಲುಮಟ್ಟದ ನೀರಿಗೆ ಇಳಿದ. ದಪ್ಪ ದಾರ, ಭಾರಕ್ಕೆ ಕೋಳಿಮೊಟ್ಟೆಯಷ್ಟು ಸೀಸ. ಹಲ್ಲು ಕಚ್ಚಿ ಬೀಸಿದ. ಸೀಸ ತೆರೆಯ ಈಚೆಗೇ ಧೊಪ್ಪೆಂದು ಬಿತ್ತು.

"ಯಾರ ಮೇಲೆ ಸಿಟ್ಟು ನಿಂಗೆ?"

"ಯಾರ ಮೇಲೂ ಇಲ್ಲ."

"ಮತ್ತೆ ನಾಯಿಗೆ ಕಲ್ಲು ಹೊಡೆದ ಹಾಗೆ ಹೊಡೀತೀಯಲ್ಲ! ಕೋಲು ಹಿಂದೆ ಹೋದ ಮೇಲೆ ಒಂದು ಉಸಿರು ತಡಿ. ಸೀಸದ ಭಾರಕ್ಕೆ ಅದು ಬಾಗ್ತದೆ. ಆಮೇಲೆ ಎಸೆಯೋದು ಕೋಲು. ನೀನಲ್ಲ."

ಬೊಮ್ಮಯ್ಯ ಆ ದಿನವೆಲ್ಲ ಎಸೆದ. ಮರುದಿನವೂ ಎಸೆದ. ಅಂಗೈ ಬೊಬ್ಬೆ ಎದ್ದಿತು. ಸಂಜೆ ಹೊತ್ತಿಗೆ ಸೀಸ ಹಕ್ಕಿಯ ಹಾಗೆ ಹಾರಿ ತೆರೆಯಾಚೆ ಬಿತ್ತು.

"ಅಜ್ಜ, ದಾಟಿತು!"

"ಹೌದು, ದಾಟಿತು."

"ಮೀನು ಮಾತ್ರ ಇಲ್ಲ."

"ಅದು ದಾಟಲಿಲ್ಲವಲ್ಲ," ಎಂದು ಅಜ್ಜ ಎಲೆಯಡಿಕೆ ಉಗಿದು ಒಳಗೆ ಹೋದ.

ಎಡೆಯ ದಿನ ಬೆಳಗಾಯಿತು. ಬೊಮ್ಮಯ್ಯ ಆಗಲೇ ನೀರಿನಲ್ಲಿದ್ದ. ಕಣ್ಣು ಕೆಂಪಾಗಿತ್ತು.

ಅಜ್ಜ ಬಂದವನೇ ಅವನ ರಟ್ಟೆ ಹಿಡಿದು ಎಳೆದುಕೊಂಡು ಬಂದು ಒಣ ಮರಳಿನ ಮೇಲೆ ಕೂರಿಸಿದ. ದಪ್ಪ ದಾರವನ್ನು ಕತ್ತಿಯಿಂದ ಕೊಯ್ದ. ಕೂದಲಿನಂಥ ದಾರ ಕಟ್ಟಿದ. ಹುಣಸೆಬೀಜದಷ್ಟು ಸೀಸ. ಪುಟ್ಟ ಗಾಳಕ್ಕೆ ಸಿಗಡಿಯ ಒಂದು ಚೂರು.

"ಇದು ಎಲ್ಲಿಗೂ ಹೋಗೋದಿಲ್ಲ ಅಜ್ಜ."

"ಎಲ್ಲಿಗೆ ಹೋಗಬೇಕು?"

"ಇಲ್ಲಿ ಮಕ್ಕಳು ಆಡೋ ನೀರು."

"ಬಾಯಿ ಮುಚ್ಚಿ ನೋಡು."

ಇಬ್ಬರೂ ಕೂತರು. ಬೊಮ್ಮಯ್ಯ ತುಳಿದು ರಾಡಿ ಮಾಡಿದ್ದ ನೀರು ಮೆಲ್ಲಗೆ ತಿಳಿಯಾಯಿತು. ಮೊಣಕಾಲೂ ಮುಳುಗದ ನೀರು. ಅವನ ಹೆಜ್ಜೆ ಹೂತ ಗುಂಡಿಯ ಹತ್ತಿರ ಸಣ್ಣ ನೆರಳೊಂದು ಸರಿಯಿತು. ಹಿಂದೆಯೇ ಇನ್ನೊಂದು. ಮರಳಿನದೇ ಬಣ್ಣ.

ಕಾಣೆ ಮೀನು.

"ಮೊನ್ನೆಯಿಂದ ಅವುಗಳ ಮನೆಯೊಳಗೆ ನಿಂತು ಆಚೆಮನೆಗೆ ಗಾಳ ಹಾಕ್ತಿದ್ದೀ," ಎಂದ ಅಜ್ಜ.

ಬೊಮ್ಮಯ್ಯ ಕೂತಲ್ಲಿಂದಲೇ ಎಸೆದ. ಸಿಟ್ಟಿರಲಿಲ್ಲ. ದಾರ ನಡುಗಿತು. ಮೆಲ್ಲಗೆ ಎಳೆದ. ಗೇಣುದ್ದದ ಮೀನು ಮರಳಿನ ಮೇಲೆ ಬಿದ್ದು ಹೊಳೆಯಿತು.

ಅವನು ನಗಲಿಲ್ಲ. ಮೀನಿಗೆ ಹತ್ತಿದ ಮರಳನ್ನು ಬೆರಳಿನಿಂದ ಒರೆಸಿದ.

"ಅವಳು ಹಾಸಿಗೆ ಹಿಡಿದ ಮೇಲೆ ಬೋಟಿಗೆ ಹೋಗೋದು ಬಿಟ್ಟೆ, ಅಜ್ಜ. ಒಂದಿನ ಕಾಣೆ ಸಾರು ಕೇಳಿದ್ಳು. 'ದೂರ ಹೋಗ್ಬೇಡಿ ಹೋಯ್, ಇಲ್ಲೇ ದಡದಲ್ಲಿ ಸಿಕ್ತದೆ' ಅಂದ್ಳು. ನಾನು ನಕ್ಕೆ. 'ಬೋಟಿನವನಿಗೆ ದಡ ತೋರಿಸ್ತೀಯಾ' ಅಂದೆ."

ಅಜ್ಜ ಮೀನಿನ ಬಾಯಿಂದ ಗಾಳ ಬಿಡಿಸಿದ.

"ಆ ದಿನ ಇದೇ ಕೋಲು ಹಿಡಿದು ಸೊಂಟದ ನೀರಲ್ಲಿ ನಿಂತಿದ್ದೆ. ಅವಳಿಗೆ ಉಸಿರು ಎಳೀತಿತ್ತಂತೆ. ನನ್ನ ಕರೀತಾನೇ ಇದ್ಳಂತೆ. ಪಕ್ಕದ ಮನೆಯವರು ದಡಕ್ಕೆ ಬಂದು ಕೂಗಿದ್ರಂತೆ. ತೆರೆ ಸದ್ದು. ನಂಗೆ ಒಂದೂ ಕೇಳಲಿಲ್ಲ. ನಾನು ಬರೋವಾಗ ಎಲ್ಲ ಮುಗಿದಿತ್ತು."

ಹೇಳಿ ಮೂಗು ಒರೆಸಿಕೊಂಡ. ಅಜ್ಜ ಎದ್ದು ಒದ್ದೆ ಎಲೆಯೊಂದರಲ್ಲಿ ಮೀನು ಸುತ್ತಿಕೊಟ್ಟ.

"ಹೊತ್ತಾಯಿತು. ಹೋಗು. ಸಾರಿಗೆ ಹುಳಿ ಕಮ್ಮಿ ಹಾಕು, ಕಾಣೆಗೆ ಹುಳಿ ಆಗೋದಿಲ್ಲ."

"ಅವಳೂ ಹಾಗೇ ಹೇಳ್ತಿದ್ಳು."

ಬೊಮ್ಮಯ್ಯ ನಾಲ್ಕು ಹೆಜ್ಜೆ ನಡೆದು ತಿರುಗಿದ. ಕೋಲು ಮರಳಿನ ಮೇಲೇ ಬಿದ್ದಿತ್ತು. ಅದರ ಕಡೆ ನೋಡಲಿಲ್ಲ.

"ಅಜ್ಜ, ಎಡೆ ಇಟ್ಟು ಬಾಗಿಲು ಮುಚ್ಚಿದ ಮೇಲೆ ಎಷ್ಟು ದೂರ ಹೋಗಿ ನಿಲ್ಲಬೇಕು?"

"ಕರೆದರೆ ಕೇಳಿಸಬೇಕು. ಅಷ್ಟು ಹತ್ತಿರ ನಿಲ್ಲು."