ಗಾಯದ ಬಾಯಿ

"ಅಜ್ಜಾರೇ, ಅಳುವವರನ್ನು ಸುಮ್ಮನಾಗಿಸುವುದು ಪುಣ್ಯದ ಕೆಲಸವಲ್ಲವೇ?" ಎಂದು ಶಿಷ್ಯ ಅಡವಯ್ಯ ಗುರುಗಳನ್ನು ಕೇಳಿದ.

ಮಗನನ್ನು ಕಳೆದುಕೊಂಡ ಕಲ್ಲವ್ವ ದಿನವೂ ಮಠದ ಕಟ್ಟೆಗೆ ಬಂದು ಕೂರುತ್ತಿದ್ದಳು. ಮಗ ಸತ್ತ ದಿನದ ಕತೆಯನ್ನೇ ಮೊದಲಿನಿಂದ ಹೇಳಿ ಅಳುತ್ತಿದ್ದಳು. ಅಡವಯ್ಯ ಅವಳಿಗೆ, "ಹೋದವನು ಹೋದ. ಎಷ್ಟು ದಿನ ಅದನ್ನೇ ಹೇಳುತ್ತೀ ತಾಯಿ? ಶಿವನಿಚ್ಛೆ ಅಂದುಕೊಂಡು ಸುಮ್ಮನಾಗು" ಎಂದಿದ್ದ. ಅವಳು ಕಣ್ಣೊರೆಸಿಕೊಂಡು ಎದ್ದು ಹೋಗಿದ್ದಳು. ಆಮೇಲೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

"ಬುದ್ಧಿ ಹೇಳುವುದರಲ್ಲಿ ನೀನು ನನ್ನನ್ನೂ ಮೀರಿಸಿದೆಯಪ್ಪಾ" ಎಂದು ಗುರುಗಳು ನಕ್ಕರು. "ಕೂತುಕೋ. ಒಂದು ಕತೆ ಕೇಳು."

ಒಬ್ಬ ಬೇಟೆಗಾರನಿದ್ದ. ಜೊತೆಗಾರ ಹಂದಿಗೆ ಬಿಟ್ಟ ಬಾಣ ಗುರಿ ತಪ್ಪಿ ಅವನ ತೊಡೆಗೆ ಹೊಕ್ಕಿತು. ಊರಿನ ವೈದ್ಯ ಬಾಣ ತೆಗೆದು, ಬೇವಿನ ಕಷಾಯದಿಂದ ಗಾಯ ತೊಳೆದ. ಆದರೆ ಅದನ್ನು ಮುಚ್ಚಲಿಲ್ಲ. ಬಟ್ಟೆ ಹೊಸೆದು ಬತ್ತಿ ಮಾಡಿ, ಜೇನಿನಲ್ಲಿ ಅದ್ದಿ, ಗಾಯದೊಳಕ್ಕೆ ಇಳಿಸಿದ. ದಿನವೂ ಹಳೆಯ ಬತ್ತಿ ತೆಗೆಯುವುದು, ತೊಳೆಯುವುದು, ಹೊಸ ಬತ್ತಿ ಇಡುವುದು. ಬೇಟೆಗಾರ ಊರಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತಿದ್ದ.

ಅವನ ಹೆಂಡತಿಗೆ ತಡೆಯಲಾಗಲಿಲ್ಲ. "ಮುಚ್ಚಲು ಬಂದ ಗಾಯವನ್ನು ದಿನಾ ಕೆದಕುತ್ತೀರಲ್ಲ ವೈದ್ಯರೇ, ನಿಮ್ಮ ಕರುಳು ಚುರ್ ಎನ್ನುವುದಿಲ್ಲವೇ?"

"ಆಳದ ಗಾಯ ತಂಗೀ" ಎಂದ ವೈದ್ಯ. "ಅಡಿಯಿಂದ ಮಾಂಸ ತುಂಬಿಕೊಂಡು ಬರಬೇಕು. ಗಾಯದ ಬಾಯಿ ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು."

ವೈದ್ಯನಿಗೆ ಬೇರೆ ಊರಿನಿಂದ ಕರೆ ಬಂತು. ಬತ್ತಿ ಇಡುವುದನ್ನು ಅವಳಿಗೆ ಕಲಿಸಿ ಹೋದ. ಅವಳು ಬತ್ತಿ ಹಿಡಿದು ಹತ್ತಿರ ಬಂದರೆ ಗಂಡ, "ಬೇಡವೇ, ನಿನ್ನ ಕಾಲಿಗೆ ಬೀಳುತ್ತೇನೆ" ಎಂದ. ಅವಳಿಗೆ ಕೈ ಬರಲಿಲ್ಲ. ಬತ್ತಿಯನ್ನು ಒಲೆಗೆ ಹಾಕಿ, ಗಾಯದ ಮೇಲೆ ಮುಲಾಮು ಸವರಿ ಬಿಗಿಯಾಗಿ ಕಟ್ಟಿದಳು. ಅಂದು ಅವನು ಕೂಗದೆ ಮಲಗಿದ. ಅದನ್ನು ನೋಡಿ ಅವಳೂ ಹೊಟ್ಟೆ ತುಂಬ ಉಂಡಳು. ಕೆಲವೇ ದಿನಗಳಲ್ಲಿ ಗಾಯದ ಮೇಲೆ ತೆಳ್ಳಗೆ ಚರ್ಮ ಬಂತು. ನೆರೆಯವರು ಅವಳ ಕೈಗುಣವನ್ನು ಹೊಗಳಿದರು.

ಆಮೇಲೆ ಜ್ವರ ಬಂತು. ತೊಡೆ ಬಾತುಕೊಂಡಿತು. ವೈದ್ಯ ಓಡಿ ಬರುವ ಹೊತ್ತಿಗೆ ಬೇಟೆಗಾರನಿಗೆ ಹೆಂಡತಿಯ ಗುರುತೂ ಸಿಗುತ್ತಿರಲಿಲ್ಲ. ವೈದ್ಯ ಆ ಚರ್ಮವನ್ನು ಸೀಳಿದ. ಒಳಗೆ ತುಂಬಿದ್ದ ಕೀವು ಹರಿದು ಬಂತು.

"ಅಯ್ಯೋ, ನಾನೇ ಇವರನ್ನು ಸಾಯಿಸುತ್ತಿದ್ದೆನಲ್ಲ" ಎಂದು ಅವಳು ಕುಸಿದಳು.

ವೈದ್ಯ ಬೈಯಲಿಲ್ಲ. "ಅವನ ಕೂಗನ್ನು ನೀನು ಕೇಳಲಾರದೆ ಹೋದೆ. ಪ್ರೀತಿಸುವವರಿಗೆ ಅದು ಕಷ್ಟವೇ ತಂಗೀ. ಈಗ ಅವನ ತಲೆಯನ್ನು ನಿನ್ನ ಮಡಿಲಲ್ಲಿ ಇಟ್ಟುಕೋ" ಎಂದು ಹೊಸ ಬತ್ತಿ ಹೊಸೆದ.

ಅಂದಿನಿಂದ ಬತ್ತಿ ಇಡುವಾಗಲೆಲ್ಲ ಅವಳು, "ಕೂಗಿರಿ, ನಾನು ಇಲ್ಲೇ ಇದ್ದೇನೆ" ಎನ್ನುತ್ತಿದ್ದಳು. ಅವನು ಕೂಗುತ್ತಿದ್ದ. ಅವಳು ಅಳುತ್ತ ಕೇಳುತ್ತಿದ್ದಳು. ದಿನದಿಂದ ದಿನಕ್ಕೆ ಬತ್ತಿ ಚಿಕ್ಕದಾಯಿತು, ಕೂಗೂ ಚಿಕ್ಕದಾಯಿತು. ಕೊನೆಗೊಂದು ದಿನ ಬತ್ತಿ ಇಡಲು ಜಾಗವೇ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅದು ಬಾಣದ ಕಾಲದ ಮಾತಾಯಿತು ಅಜ್ಜಾರೇ. ಈಗ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ" ಎಂದ ಅಡವಯ್ಯ.

"ಅಲ್ಲೂ ಹೋಗಿ ಕೇಳು. ಒಳಗೆ ಕೀವಾದ ಆಳದ ಗಾಯವನ್ನು ಡಾಕ್ಟರು ತಕ್ಷಣ ಹೊಲಿದುಬಿಡುವುದಿಲ್ಲ. ಶುದ್ಧವಾದ ಬಟ್ಟೆ ತುಂಬಿ ತೆರೆದೇ ಇಡುತ್ತಾರೆ. ಬಾಣ ಹೋಯಿತು, ಬತ್ತಿ ಉಳಿದಿದೆ." ಗುರುಗಳು ಕಟ್ಟೆಯ ಕಡೆ ನೋಡಿದರು. "ಕಲ್ಲವ್ವ ಇಂದೂ ಬರಲಿಲ್ಲವೇ?"

"ಇಲ್ಲ. ಮನೆಯಲ್ಲೇ ಇದ್ದಾಳಂತೆ. ಯಾರೊಡನೆಯೂ ಮಾತಿಲ್ಲವಂತೆ." ಅಡವಯ್ಯನ ದನಿ ಇಳಿಯಿತು. "ಊಟವನ್ನೂ ಬಿಟ್ಟಿದ್ದಾಳಂತೆ."

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲನೆ ಕೇಳಿದರು:

"ಹಾಗಾದರೆ ಅಂದು ನೀನು ಮುಚ್ಚಿಸಿದ್ದು ಅವಳ ಯಾವ ಬಾಯನ್ನು, ಮಗಾ?"