ದೊರೆಯ ಎಡಗೈ ನಾದ

"ಕೇಳಿರಪ್ಪಾ ಕೇಳಿ! ನಾದಮನೆಯ ಪುಟ್ಟ ಪೆಟ್ಟಿಗೆಗಳಿಗೆ ಬೇಸ್ ಕೂಡಿಸಿ ಕೊಡುವವರಿಗೆ ದೊರೆ ಹಿರಿಯಣ್ಣ ನಾಯಕರು ನಾದಮನೆಯ ಅಧಿಕಾರವನ್ನೂ ಬಾಳಲು ಮನೆಯನ್ನೂ ಕೊಡುತ್ತಾರೆ. ಪೆಟ್ಟಿಗೆ ಮುಟ್ಟುವ ಮೊದಲು ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಬೇಕು. ತಪ್ಪಿದವರ ತಲೆ ಉಳಿಯುವುದಿಲ್ಲ!"

ಕಣಿವೆಕೋಟೆಯ ಬೀದಿಬೀದಿಯಲ್ಲೂ ಡಂಗುರ ಹೊಡೆದರು. ಜನ ಬಾಗಿಲ ಸಂದಿಯಲ್ಲಿ ನಿಂತು ಕೇಳಿದರು.

ರಾಣಿ ತೀರಿಕೊಂಡು ವರ್ಷವಾಗಿತ್ತು. ಅವರು ಹಾಡಿದ ಒಂದೇ ಒಂದು ಹಾಡು ಟೇಪಿನಲ್ಲಿ ಉಳಿದಿತ್ತು. ಅದಕ್ಕೆ ಮೃದಂಗ ನುಡಿಸಿದ್ದವರು ದೊರೆಯೇ. ನಾದಮನೆಯೆಂಬ ಚಿಕ್ಕ ಕೋಣೆಯಲ್ಲಿ ರಾಣಿಯೇ ಆರಿಸಿ ಇಡಿಸಿದ್ದ ಎರಡು ಪುಟ್ಟ ಸ್ಪೀಕರ್ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ರಾಣಿಯ ದನಿ ಎದುರಿಗೆ ಕೂತು ಹಾಡಿದ ಹಾಗೆ ಬರುತ್ತಿತ್ತು. ಮೃದಂಗದ ಬಲಗೈ ಟಿಣ್ ಟಿಣ್ ಎನ್ನುತ್ತಿತ್ತು. ಎಡಗೈಯ ಗುಮ್ಮೆನ್ನುವ ನಾದ, ಅಂದರೆ ಬೇಸ್, ಮಾತ್ರ ಇರಲೇ ಇಲ್ಲ. "ಅವಳ ಪಕ್ಕ ನಾನು ಅರ್ಧ ಮಾತ್ರ ಕೂತಿದ್ದೇನೆ" ಎಂದು ದೊರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು.

ಡಂಗುರಕ್ಕೂ ಮೊದಲು ಒಬ್ಬ ಕುಶಲಕರ್ಮಿ ಬಂದು ಆ ಪುಟ್ಟ ಪೆಟ್ಟಿಗೆಗಳಲ್ಲೇ ಬೇಸ್ ಏರಿಸಿದ್ದ. ಸ್ಪೀಕರಿನ ಕಾಗದ ಪರ್ರೆಂದು ಹರಿಯಿತು. ರಾಜಕುಮಾರಿ ತಿಂಗಳುಗಟ್ಟಲೆ ಕೂತು ಅದನ್ನು ಸರಿಮಾಡಿದಳು. ದೊರೆ ತಲೆ ತೆಗೆಯುವ ಮಾತಾಡಿದ್ದು ಆ ಸಿಟ್ಟಿನಲ್ಲಿ. ಆಡಿದ್ದು ಆಜ್ಞೆಯಾಗಿ ನಿಂತುಬಿಟ್ಟಿತು.

ಡಂಗುರ ಕೇಳಿ ಮೊದಲು ಬಂದವನು ಜವಳಿ ವರ್ತಕನ ಮಗ ರೇವಣ. ಮೊದಲ ಒಗಟಿಗೇ "ವೀಣೆಯ ತಂತಿಗಳು" ಎಂದ. ರಾಜಕುಮಾರಿ ಕಣ್ಣು ಮುಚ್ಚಿಕೊಂಡಳು. ಕಾವಲಿನವರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಆಮೇಲೆ ಬಂದವನು ಮದುವೆ ಮನೆಗಳಿಗೆ ಮೈಕ್‌ಸೆಟ್ ಹಾಕುವ ದುಗ್ಗಣ್ಣ. ಎರಡು ಒಗಟು ಬಿಡಿಸಿದ. ಮೂರನೆಯದಕ್ಕೆ ಏನೋ ತೊದಲಿದ. ಅವನೂ ಸೆರೆಗೆ ಬಿದ್ದ. ಮರುದಿನ ಮಧ್ಯಾಹ್ನ ಇಬ್ಬರ ತಲೆಯೂ ಹೋಗಬೇಕಿತ್ತು. ಒಳಗೆ ಕೇಳಿದ ಒಗಟು ಮಾತ್ರ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ದುಗ್ಗಣ್ಣನ ತಮ್ಮ ಮಾಳಿಂಗ. ಅಣ್ಣನ ಹಿಂದೆ ವೈರು ಎಳೆಯುವುದು, ಪೆಟ್ಟಿಗೆ ಹೊರುವುದು ಅವನ ಕೆಲಸ. ಸುದ್ದಿ ತಿಳಿದವನೇ ಗಾಡಿಗೆ ಬೇಸ್ ಬಾಕ್ಸ್ ಏರಿಸಿದ. ಅವ್ವ ಚಕ್ರಕ್ಕೆ ಅಡ್ಡ ನಿಂತಳು.

"ಇನ್ನೊಬ್ಬನನ್ನೂ ಕಳಕೊಳ್ಳಲೇನೋ?"

"ಸುಮ್ಮನಿದ್ದರೆ ಅಣ್ಣ ಹೋಗ್ತಾನವ್ವಾ. ಗೆದ್ದರೆ ಅವನನ್ನ ಬಿಡಿಸಿಕೊಡಿ ಅಂತ ಕೇಳ್ಬಹುದು" ಎಂದ. ಅವ್ವನ ಕೈ ತಾನಾಗಿ ಸಡಿಲವಾಯಿತು.

ನಾದಮನೆಯಲ್ಲಿ ದೊರೆ ಇದ್ದ ಒಂದೇ ಪೀಠದ ಮೇಲೆ ಕೂತಿದ್ದರು. ರಾಜಕುಮಾರಿ ಮೆಲ್ಲಗೆ ಕೇಳಿದಳು: "ಒಂದೇ ಮನೆಯಲ್ಲಿ ಅಕ್ಕ ತಂಗಿ. ತಂಗಿಯದು ಸಣ್ಣ ದನಿ, ಅಕ್ಕನದು ತುಂಬಿದ ದನಿ. ಇಬ್ಬರಿಗೂ ಒಲೆ ಬೇರೆ. ಹೊರಗೆ ನಿಂತವರಿಗೆ ಒಬ್ಬಳೇ ಮಾತಾಡಿದ ಹಾಗೆ ಕೇಳುತ್ತದೆ. ಯಾರು?"

ಮಾಳಿಂಗ ಪೆಟ್ಟಿಗೆಯ ಹಿಂದಿನ ವೈರುಗಳನ್ನು ನೋಡಿದ. "ಈ ಪೆಟ್ಟಿಗೆಯೇ ಮನೆ, ತಾಯಿ. ಒಳಗೆ ಚಿಕ್ಕ ಸ್ಪೀಕರ್ ತಂಗಿ, ದೊಡ್ಡದು ಅಕ್ಕ. ಇಬ್ಬರಿಗೂ ಬೇರೆ ಬೇರೆ ಆಂಪ್ಲಿಫೈಯರ್ ಇದೆ, ಅದೇ ಒಲೆ."

"ಸರಿ. ಅವನು ಬಂದದ್ದು ಎದೆಗೆ ಗೊತ್ತಾಗುತ್ತದೆ. ಯಾವ ಕಡೆಯಿಂದ ಬಂದ ಅನ್ನುವುದು ಕಿವಿಗೆ ಗೊತ್ತಾಗುವುದಿಲ್ಲ. ಯಾರು?"

"ಬೇಸ್ ನಾದ, ತಾಯಿ. ಎಲ್ಲಿಂದ ಬಂತು ಅಂತ ತಿಳಿಯದ್ದಕ್ಕೇ ಎರಡು ಪೆಟ್ಟಿಗೆಗೂ ಸೇರಿ ಒಂದೇ ಬೇಸ್ ಬಾಕ್ಸ್ ಸಾಕು."

ರಾಜಕುಮಾರಿ ಕಾವಲಿನವನ ಕಡೆ ಒಮ್ಮೆ ನೋಡಿದಳು. "ಮೂರನೆಯದು. ಮನೆಗೆ ಹೊಸಬ ಬಂದ. ಜಾಣ ಅವನನ್ನು ಯಜಮಾನನ ಜಾಗದಲ್ಲೇ ಕೂರಿಸಿ, ತಾನು ಅಂಬೆಗಾಲಿಟ್ಟು ಮೂಲೆಮೂಲೆ ಸುತ್ತಿದ. ಯಾಕೆ?"

ಮಾಳಿಂಗ ತಾನು ತಂದ ಬೇಸ್ ಬಾಕ್ಸ್ ನೋಡಿದ. ಉತ್ತರ ಗೊತ್ತಿತ್ತು. ಎದುರಿಗೆ ದೊರೆಯ ಪೀಠವಿತ್ತು. ಕಾವಲಿನವನ ಕೈ ಕತ್ತಿಯ ಹಿಡಿಯ ಮೇಲಿತ್ತು.

"ಹೊಸಬ ಅಂದರೆ ಈ ಬೇಸ್ ಬಾಕ್ಸ್. ಯಾಕೆ ಅಂತ ಹೇಳೋದಕ್ಕಿಂತ ಮಾಡಿ ತೋರಿಸ್ತೀನಿ. ದೊರೆಗಳು... ಏಳಬೇಕು."

ಕತ್ತಿ ಅರ್ಧ ಹೊರಬಂತು. "ಏನಂದೆ?" ಎಂದು ದೊರೆ ಗುಡುಗಿದರು.

"ಅಪ್ಪಾಜಿ, ದಯವಿಟ್ಟು ಏಳಿ" ಎಂದಳು ರಾಜಕುಮಾರಿ.

ದೊರೆ ಮಗಳ ಮುಖ ನೋಡಿ ಎದ್ದರು. ಮಾಳಿಂಗ ಬೇಸ್ ಬಾಕ್ಸನ್ನು ಪೀಠದ ಮೇಲಿಟ್ಟು ಹಾಡು ಹಾಕಿಸಿದ. ತಾನು ಕೈ ಮಂಡಿ ಊರಿ ಗೋಡೆಯುದ್ದಕ್ಕೂ ತೆವಳಿದ. ಮೂಲೆಯಲ್ಲಿ ನಾದ ಹಲಗೆಯ ಸೇತುವೆಯ ಮೇಲೆ ಗಾಡಿ ಓಡಿದಂತೆ ಮೊರೆಯಿತು. ಗೋಡೆಯ ನಡುವೆ ಸತ್ತೇಹೋಯಿತು. ಅವನ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಿಟಕಿಯ ಕೆಳಗೆ ಬಂದಾಗ ಪೆಟ್ಟು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು.

"ಇಲ್ಲಿ! ಕೋಣೆ ಬೇಸನ್ನು ಒಂದು ಕಡೆ ಗುಡ್ಡೆ ಹಾಕುತ್ತೆ, ಇನ್ನೊಂದು ಕಡೆ ನುಂಗುತ್ತೆ. ಕೂರುವ ಜಾಗದಲ್ಲಿ ಬಾಕ್ಸ್ ಇಟ್ಟಾಗ ಎಲ್ಲಿ ಚೆನ್ನಾಗಿ ಕೇಳುತ್ತೋ, ಅಲ್ಲಿ ಬಾಕ್ಸ್ ಇಟ್ಟರೆ ಕೂತವರಿಗೂ ಹಾಗೇ ಕೇಳುತ್ತೆ."

"ಮೂರೂ ಸರಿ!" ಎಂದಳು ರಾಜಕುಮಾರಿ. ಆದರೆ ದೊರೆಯ ಮುಖ ಸಡಿಲವಾಗಲಿಲ್ಲ. ಪೆಟ್ಟಿಗೆ ಮತ್ತೆ ಹರಿದರೆ?

ಮಾಳಿಂಗ ಬಾಕ್ಸನ್ನು ಕಿಟಕಿಯ ಕೆಳಗೆ ಇಟ್ಟ. ಅದಕ್ಕೆ ಅದರದೇ ಆಂಪ್ಲಿಫೈಯರ್ ಕೊಟ್ಟ. ಭಾರದ ನಾದವನ್ನೆಲ್ಲ ಅದಕ್ಕೇ ಬಿಟ್ಟು, ಪುಟ್ಟ ಪೆಟ್ಟಿಗೆಗಳ ಹೊರೆ ಇಳಿಸಿದ. ಬೇಸಿನ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದ.

ದೊರೆ ಪೀಠದಲ್ಲಿ ಕೂತರು. ರಾಣಿ ಹಾಡಿದರು. ಅವರ ದನಿಯ ಕೆಳಗೆ ಗುಮ್ಮೆಂದು ಎಡಗೈ ಎದ್ದು ಬಂತು. ಯಾವುದೂ ಹರಿಯಲಿಲ್ಲ.

ದೊರೆ ತಟ್ಟನೆ ಕೈ ಎತ್ತಿದರು. "ನಿಲ್ಲಿಸಿ. ಅದೇ ಜಾಗ ಇನ್ನೊಮ್ಮೆ."

ರಾಜಕುಮಾರಿ ಟೇಪನ್ನು ಹಿಂದಕ್ಕೆ ಸುತ್ತಿದಳು. ಹಾಡು ಮತ್ತೆ ಬಂತು.

"ಇಲ್ಲಿ ನನ್ನ ಎಡಗೈ ಹಿಂದೆ ಬಿದ್ದಿದೆ. ಅವಳು ಒಂದು ಸ್ವರ ಎಳೆದು ನನಗಾಗಿ ಕಾದಿದ್ದಾಳೆ. ನಾನು ತಪ್ಪಿದೆ ಅಂತ ಒಂದು ದಿನವೂ ಹೇಳಲಿಲ್ಲ." ಅವರು ಮುಖ ಮುಚ್ಚಿಕೊಂಡರು. ಆಮೇಲೆ ಕಾವಲಿನವನಿಗೆ ಹೇಳಿದರು: "ಆ ಇಬ್ಬರನ್ನೂ ಬಿಡಿ. ತಲೆಯ ಮಾತು ಇನ್ನು ಈ ಕೋಟೆಯಲ್ಲಿ ಬೇಡ."

ನಾದಮನೆಯ ಅಧಿಕಾರ ಮಾಳಿಂಗನಿಗೆ ಸಿಕ್ಕಿತು. ಅವ್ವನಿಗೂ ಅಣ್ಣನಿಗೂ ಸಾಲುವಷ್ಟು ದೊಡ್ಡ ಮನೆ ಸಿಕ್ಕಿತು. ಕೋಣೆಯ ಬೀಗದ ಕೈಯನ್ನು ರಾಜಕುಮಾರಿ ತಾನೇ ಅವನ ಅಂಗೈಯಲ್ಲಿಟ್ಟಳು.

ಸೆರೆಯಿಂದ ಬಂದ ದುಗ್ಗಣ್ಣ ತಮ್ಮನ ತರಚಿದ ಮಂಡಿ ನೋಡಿ ತಲೆ ತಗ್ಗಿಸಿದ.

"ಮೂರನೆಯದು ನನಗೂ ಗೊತ್ತಿತ್ತು ಕಣೋ. ದೊರೆಗೆ ಏಳಿ ಅನ್ನೋಕೆ ಬಾಯಿ ಬರಲಿಲ್ಲ."

"ನನಗೂ ಬರ್ತಿರಲಿಲ್ಲ ಅಣ್ಣ" ಎಂದ ಮಾಳಿಂಗ. "ನೀನು ಸೆರೆಯೊಳಗಿದ್ದೆಯಲ್ಲ, ಅದಕ್ಕೇ ಬಂತು."